ಉಪಾಧ್ಯಾಯರ ಬ್ಲಾಗು: ಒಂದು ವಿಚಾರ

ಉಪಾಧ್ಯಾಯರು ಬರೆದ ಬ್ಲಾಗುಗಳನ್ನು ಸಾಹಿತ್ಯವೆಂದು ಗಣಿಸಿ ವಿಮರ್ಶೆ ಮಾಡುವುದುಂಟೆ ಎಂದು ಕೆಲವರು ಕೇಳಿಯಾರು. ಉಂಟು. ದಿನಚರಿಯನ್ನೂ ಕಾಗದಪತ್ರಗಳನ್ನೂ ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಿದ ನಾವು, ಒಬ್ಬ ಮೇಷ್ಟ್ರು ತಮ್ಮ ಬಿಡುವಿನಲ್ಲಿ, ತಮ್ಮ ಹೆಸರಿನಲ್ಲಿ, ಯಾವ ಸಂಪಾದಕನ ದಯೆಯನ್ನೂ ಕಾಯದೆ ಪ್ರಕಟಿಸುವ ಬರೆಹವನ್ನು ಬಾಗಿಲ ಹೊರಗೆ ನಿಲ್ಲಿಸುವುದಕ್ಕೆ ಕಾರಣ ಕಾಣೆ. ಕಳೆದ ಕೆಲವು ತಿಂಗಳಿಂದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಉಪಾಧ್ಯಾಯರ ಇಂಥ ಪುಟಗಳನ್ನು ಸಿಕ್ಕಷ್ಟು ಓದಿದೆ. ಸಂತೋಷವಾಯಿತು, ಅದಕ್ಕಿಂತ ಹೆಚ್ಚಾಗಿ ವ್ಯಥೆಯೂ ಆಯಿತು.

ಮೊದಲು ಸಂತೋಷದ ಮಾತು. 2004ರಲ್ಲಿ ಹೊರಟ ಕೇಂದ್ರ ಸರ್ಕಾರದ ಐ.ಸಿ.ಟಿ. ಯೋಜನೆಯಿಂದ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. ಮುಟ್ಟಿದರೆ ಕೆಟ್ಟೀತು, ಕೆಟ್ಟರೆ ತಮ್ಮ ತಲೆಗೆ ಬಂದೀತು ಎಂಬ ಭಯದಿಂದ ಎಷ್ಟೋ ಕಡೆ ಅವು ಬೀಗ ಹಾಕಿದ ಕೋಣೆಯಲ್ಲಿ ಬಟ್ಟೆ ಹೊದ್ದು ಕುಳಿತಿದ್ದವು. 2011ರಿಂದೀಚೆಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ಪ್ರೌಢಶಾಲೆಯ ವಿಷಯ ಶಿಕ್ಷಕರಿಗೆ ತರಬೇತಿ ಕೊಡತೊಡಗಿದವು. ಪಾಠದ ಸಾಮಗ್ರಿಯನ್ನು ಪೇಟೆಯಿಂದ ಕೊಳ್ಳುವುದೇಕೆ, ಪಾಠ ಹೇಳುವವರೇ ಅದನ್ನು ರಚಿಸಿ ಹಂಚಿಕೊಳ್ಳಲಿ ಎಂಬುದು ಅದರ ಹಿಂದಿನ ವಿಚಾರ. 2013ರಲ್ಲಿ ತೆರೆದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ನಿಂತಿರುವುದೂ ಈ ವಿಚಾರದ ಮೇಲೆಯೇ. ಉಪಾಧ್ಯಾಯರ ಸ್ವಂತ ಬ್ಲಾಗುಗಳನ್ನು ಅದರ ದಾಯಾದಿಗಳೆನ್ನಬಹುದು.

ಕಲಿತವರ ಪಾಡನ್ನು ನಾನು ಬಲ್ಲೆ. ಹುಣಸೂರಿನ ಒಬ್ಬ ಉಪಾಧ್ಯಾಯಿನಿ, ನಿವೃತ್ತಿಗೆ ನಾಲ್ಕೈದು ವರ್ಷ ಉಳಿದವರು, "ಆ ಮೌಸು ಕೈಗೆ ಹತ್ತೋಕೇ ಒಂದು ವಾರ ಹಿಡೀತು ಸಾರ್" ಎಂದು ನಕ್ಕರು. ಮೂರು ರಾತ್ರಿ ಕುಳಿತು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಬರೆಹವನ್ನು ಬ್ಲಾಗಿಗೆ ಅಂಟಿಸಿದರೆ, ಕನ್ನಡವೆಲ್ಲ ಮಾಯವಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ನೆರೆಯಿತಂತೆ. ನುಡಿಯ ಹಳೆಯ ಅಕ್ಷರವ್ಯವಸ್ಥೆ ಬೇರೆ, ಯೂನಿಕೋಡು ಬೇರೆ ಎಂದು ಅವರಿಗೆ ತಿಳಿಸಿಕೊಟ್ಟವನು ಪಕ್ಕದ ಮನೆಯ ಕಾಲೇಜು ಹುಡುಗ. ಪರಿವರ್ತಕದಲ್ಲಿ ಹಾಕಿ ಸರಿಪಡಿಸಿದ್ದಾರೆ. ಆದರೂ ಒತ್ತಕ್ಷರಗಳು ಅಲ್ಲಲ್ಲಿ ಕಾಲು ಮುರಿದುಕೊಂಡಿವೆ. ಈ ಒದ್ದಾಟವನ್ನು ಅರಿಯದೆ ಇವರ ಕೆಲಸವನ್ನು ಹಗುರವಾಗಿ ಕಾಣತಕ್ಕದ್ದಲ್ಲ.

ಆದರೆ ಇಷ್ಟು ಕಷ್ಟಪಟ್ಟು ತೆರೆದ ಬಾಗಿಲೊಳಗೆ ಇಣುಕಿದರೆ ಕಾಣುವುದೇನು? ಪ್ರಶ್ನೆಪತ್ರಿಕೆ, ಮಾದರಿ ಉತ್ತರ, ಸುತ್ತೋಲೆ, ತುಟ್ಟಿಭತ್ಯೆಯ ಆದೇಶ, ಸ್ವಾತಂತ್ರ್ಯ ದಿನಾಚರಣೆಗೊಂದು ಸಿದ್ಧ ಭಾಷಣ. ಒಂದನ್ನು ಓದಿದರೆ ಹತ್ತನ್ನು ಓದಿದಂತೆ. ಒಬ್ಬರ ಪುಟದ ಕಾಗುಣಿತದ ತಪ್ಪು ಇನ್ನೊಬ್ಬರ ಪುಟಕ್ಕೆ ತಪ್ಪದೆ ಇಳಿದು ಬಂದಿರುವುದನ್ನೂ ಕಂಡೆ. ಇವುಗಳಿಂದ ಉಪಕಾರವಿಲ್ಲವೆಂದು ನಾನು ಹೇಳಲಾರೆ. ಕೋಟೆಯ ಕಾಡಂಚಿನಲ್ಲಿ ಒಬ್ಬರೇ ಶಾಲೆ ನಡೆಸುವ ಮೇಷ್ಟರಿಗೆ ದುಡ್ಡಿಲ್ಲದೆ ಸಿಕ್ಕುವ ಪ್ರಶ್ನೆಪತ್ರಿಕೆ ದೊಡ್ಡ ವಸ್ತುವೇ. ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ, ಗಣತಿ ಎಲ್ಲ ಮುಗಿಸಿದ ಮೇಲೆ ಉಳಿಯುವ ಹೊತ್ತಿನಲ್ಲಿ ಇದಕ್ಕಿಂತ ಹೆಚ್ಚೇನು ಸಾಧ್ಯ ಎಂದು ಅವರು ಕೇಳಿದರೆ ನನ್ನಲ್ಲಿ ತಕ್ಕ ಉತ್ತರವಿಲ್ಲ. ಆದರೂ ಬ್ಲಾಗು ಉಗ್ರಾಣವಾಗಿಬಿಟ್ಟಿತಲ್ಲ, ಉಗ್ರಾಣಿಯ ದನಿ ಎಲ್ಲಿಯೂ ಕೇಳಿಸುವುದಿಲ್ಲವಲ್ಲ ಎಂಬುದು ನನ್ನ ಆಕ್ಷೇಪಣೆ.

ಸ್ವಂತವಾಗಿ ಬರೆದ ಕಡೆಯಲ್ಲಿಯೂ ಭಾಷೆ ಸುತ್ತೋಲೆಯದು. ಮಕ್ಕಳು ನಕ್ಕರು ಎನ್ನಬೇಕಾದಲ್ಲಿ ವಿದ್ಯಾರ್ಥಿಗಳು ಸಂತಸದಾಯಕ ಕಲಿಕೆಯಲ್ಲಿ ತೊಡಗಿಕೊಂಡರು ಎಂದಿರುತ್ತದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದ ಚದುರಂಗರು ಹಳ್ಳಿಯ ಆಡುಮಾತಿನ ಕಸುವು ಎಂಥದೆಂದು 'ವೈಶಾಖ'ದಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅಂಥ ಮಾತನ್ನೇ ದಿನವೂ ಕೇಳುವವರು, ಉಪಾಧ್ಯಾಯರ ಕೊಠಡಿಯಲ್ಲಿ ಅದರಲ್ಲೇ ರಸವತ್ತಾಗಿ ಕಥೆ ಹೇಳುವವರು, ಕೀಲಿಮಣೆಯ ಮುಂದೆ ಕುಳಿತೊಡನೆ ಗುಮಾಸ್ತರಾಗಿಬಿಡುತ್ತಾರೆ.

ಎಲ್ಲರೂ ಹೀಗೆಯೇ ಎಂದಲ್ಲ. ಪಿರಿಯಾಪಟ್ಟಣ ಕಡೆಯ ಒಬ್ಬ ಗಣಿತದ ಮೇಷ್ಟರ ಪುಟದಲ್ಲಿ ಒಂದು ಬರೆಹ ನನ್ನನ್ನು ಹಿಡಿದು ನಿಲ್ಲಿಸಿತು. ಹೊಗೆಸೊಪ್ಪಿನ ಕಾಲದಲ್ಲಿ ತರಗತಿ ಅರ್ಧ ಖಾಲಿ. ಬಂದ ಮಕ್ಕಳ ಕೈಗೂ ಸೊಪ್ಪಿನ ಅಂಟು. ಅವರು ಒಂದು ದಿನ ಪಠ್ಯಪುಸ್ತಕದ ಚೌಕ ತ್ರಿಕೋನಗಳನ್ನು ಬಿಟ್ಟು ಹೊಗೆಸೊಪ್ಪಿನ ಎಲೆಯನ್ನೇ ಗ್ರಾಫ್ ಹಾಳೆಯ ಮೇಲಿಟ್ಟು ಅಂಚು ಬರೆಸಿದರಂತೆ. ಒಳಗೆ ಬಿದ್ದ ಚೌಕಗಳನ್ನು ಎಣಿಸಿ ವಿಸ್ತೀರ್ಣ ಹೇಳಿಸಿದರಂತೆ. ಆಮೇಲೆ ಅದೇ ಎಲೆಯ ಚಿತ್ರವನ್ನು ಜಿಯೋಜೀಬ್ರಾ ತಂತ್ರಾಂಶದಲ್ಲಿ ಇಟ್ಟು, ಅಂಚಿನ ಮೇಲೆ ಬಿಂದುಗಳನ್ನು ಕೂಡಿಸಿ, ಕಂಪ್ಯೂಟರು ಹೇಳಿದ ಲೆಕ್ಕಕ್ಕೂ ಮಕ್ಕಳ ಲೆಕ್ಕಕ್ಕೂ ಎಷ್ಟು ಅಂತರವೆಂದು ನೋಡಿದರು. ಬಿಂದು ಹೆಚ್ಚಿದಷ್ಟೂ ಅಂತರ ಕಿರಿದಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಪಾಠಟಿಪ್ಪಣಿ. ಆದರೆ ಒಬ್ಬ ಹುಡುಗಿ ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ, ಬ್ಯಾರನ್ನಿನಲ್ಲಿ ಒಣಗಿದ ಮೇಲೆ ಈ ಎಲೆ ಎಷ್ಟಾಗುತ್ತದೆ ಎಂದು ಕೇಳಿದಳೆಂದೂ, ತಮಗೆ ಗೊತ್ತಿರಲಿಲ್ಲವೆಂದೂ, ಅವಳಿಗೆ ಗೊತ್ತಿತ್ತೆಂದೂ ಅವರು ಬರೆದಿದ್ದಾರೆ. ಆ ಮೂರು ವಾಕ್ಯಗಳು ಬರೆಹವನ್ನು ಬೇರೆಯ ಮಟ್ಟಕ್ಕೆ ಏರಿಸುತ್ತವೆ. ತನಗೆ ಗೊತ್ತಿರಲಿಲ್ಲವೆಂದು ಒಪ್ಪಿಕೊಂಡ ಉಪಾಧ್ಯಾಯರನ್ನು ಉಳಿದ ಪುಟಗಳಲ್ಲಿ ನಾನು ಕಾಣಲಿಲ್ಲ. ಈ ಬರೆಹದ ಹಿಂದೆಯೂ ಮುಂದೆಯೂ ಮಾತ್ರ ಅವೇ ಮಾದರಿ ಉತ್ತರಗಳು.

2020ರ ವಿಷಯಕ್ಕೆ ಬಂದಾಗ ಈ ಕೊರತೆ ಎದ್ದು ಕಾಣುತ್ತದೆ. ಶಾಲೆ ಮುಚ್ಚಿತು, ವಿದ್ಯಾಗಮದ ಹೆಸರಿನಲ್ಲಿ ಮೇಷ್ಟರೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿದರು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, ಟಿ.ವಿ. ಇಲ್ಲದ ಮನೆಗಳಿದ್ದವು. ಫೋನು ಇದ್ದ ಕಡೆ ಸಿಗ್ನಲ್ ಇರಲಿಲ್ಲ. ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಉಪಾಧ್ಯಾಯನೊಬ್ಬ ಬರೆದಿಡಲೇಬೇಕಾಗಿದ್ದ ತಿಂಗಳುಗಳು ಅವು. ನಾನು ಓದಿದ ಪುಟಗಳಲ್ಲಿ ಆ ತಿಂಗಳುಗಳಿಗೆ ಸೇರಿದ್ದು ಅಭ್ಯಾಸಹಾಳೆಗಳ ಕೊಂಡಿಗಳು. ಅವುಗಳಲ್ಲಿ ಹಲವು ಈಗ ತೆರೆಯುವುದೂ ಇಲ್ಲ.

ಪಂಜೆ ಮಂಗೇಶರಾಯರು (1874–1937) ಉಪಾಧ್ಯಾಯರಾಗಿದ್ದರು, ಶಾಲೆಗಳ ಇನ್‌ಸ್ಪೆಕ್ಟರರೂ ಆಗಿದ್ದರು. ಅವರಿಗೂ ತಪಾಸಣೆಯ ವರದಿಗಳಿದ್ದವು, ಮೇಲಿನವರ ಕಾಗದಗಳಿದ್ದವು. ಅವೆಲ್ಲದರ ನಡುವೆ ಮಕ್ಕಳ ಕಿವಿಗೆ ಯಾವುದು ಹಿತವೆಂದು ಆಲಿಸಿ ಬರೆದರು. ಅವರ ವರದಿಗಳನ್ನು ಇಂದು ಕೇಳುವವರಿಲ್ಲ. ಇಂದಿನ ಮೇಷ್ಟರ ಅನುಕೂಲ ಅವರಿಗಿರಲಿಲ್ಲ. ಅಚ್ಚುಕೂಟಕ್ಕೆ ಹೋಗಬೇಕಾಗಿತ್ತು, ದುಡ್ಡು ಹೊಂದಿಸಬೇಕಾಗಿತ್ತು.

ಕೋಟೆ ತಾಲ್ಲೂಕಿನ ಅಂತರಸಂತೆಯ ಆಚೆ ಒಂದು ಶಾಲೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮೇಷ್ಟ್ರು ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಕಾಡುಪ್ರಾಣಿಗಳ ವಿಡಿಯೊ ತೋರಿಸುತ್ತಿದ್ದರು. ಆನೆಗಳ ಹಿಂಡು ಬಂದಿತು. ಹಾಡಿಯಿಂದ ಬರುವ ಒಬ್ಬ ಜೇನುಕುರುಬರ ಹುಡುಗ ಎದ್ದು ನಿಂತು, "ಸಾ, ಇದು ನಮ್ ಆನೆ ಅಲ್ಲ, ಕಿವಿ ನೋಡಿ ಸಾ" ಎಂದ. ನಿಜ, ಅದು ಆಫ್ರಿಕದ ಆನೆ. 1971ರಲ್ಲಿ ಕಾಕನಕೋಟೆಯಲ್ಲಿ ನಡೆದ ಕೊನೆಯ ಖೆಡ್ಡಾದಲ್ಲಿ ಅವನ ತಾತ ಕೆಲಸ ಮಾಡಿದ್ದನಂತೆ. ಮೇಷ್ಟ್ರು ಒಳ್ಳೆಯವರು, ವಿಡಿಯೊ ನಿಲ್ಲಿಸಿ ಹುಡುಗನನ್ನೇ ಮುಂದೆ ಕರೆದರು. ಅವನು ಕಾಲು ಗಂಟೆ ಮಾತಾಡಿದ. ಲದ್ದಿ ಮುಟ್ಟಿ ನೋಡಿ ಆನೆ ಹೋಗಿ ಎಷ್ಟು ಹೊತ್ತಾಯಿತೆಂದು ಹೇಳುವುದು, ಮರಿ ಜೊತೆಗಿದ್ದಾಗ ಹೇಗೆ ಸರಿದು ನಿಲ್ಲುವುದು, ಎಲ್ಲ ಹೇಳಿದ. ಆ ವರ್ಷ ಅವನು ಶಾಲೆಯಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲಂತೆ.

ಇದನ್ನು ಬ್ಲಾಗಿನಲ್ಲಿ ಬರೆಯಿರಿ ಎಂದು ಆ ಸಂಜೆ ಬಸ್ಸಿಗೆ ಕಾಯುತ್ತ ಹೇಳಿದೆ. "ಅದನ್ನೆಲ್ಲ ಯಾರು ಓದ್ತಾರೆ ಸಾರ್" ಎಂದು ಅವರು ನಾಚಿಕೊಂಡರು. ಎರಡು ವಾರದ ಮೇಲೆ ಅವರ ಪುಟ ತೆರೆದು ನೋಡಿದೆ. ಹೊಸದೊಂದು ಸೇರಿತ್ತು: ಎಂಟನೆಯ ತರಗತಿ, ರೂಪಣಾತ್ಮಕ ಮೌಲ್ಯಮಾಪನದ ಪ್ರಶ್ನೆಪತ್ರಿಕೆ, ಉತ್ತರ ಸಹಿತ.