ಚೆಲ್ಲಿದ ಹಾಲಿನ ಲೆಕ್ಕ

ಹಾಲು ಚೆಲ್ಲುವ ದೃಶ್ಯ ಬಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮಗಳು ನಕ್ಕಳು. ಎಮ್ಮೆ ಕಟ್ಟಿ, ಹಾಲು ಮಾರಿ ನಮ್ಮನ್ನು ಓದಿಸಿದ ಅಮ್ಮನ ಮಗಳು ನಾನು. ಒಲೆಯ ಮೇಲೆ ಒಂದು ಲೋಟ ಹಾಲು ಉಕ್ಕಿ ಹೋದರೂ ಎದೆ ಧಸಕ್ಕೆನ್ನುತ್ತದೆ.

ಚಿತ್ರದ ಹೆಸರು 'ಲೈಫ್ ಅಂಡ್ ಡೆಟ್'. ಸ್ಟೆಫನಿ ಬ್ಲ್ಯಾಕ್ ಎಂಬಾಕೆ 2001ರಲ್ಲಿ ಹೊರತಂದ ಸಾಕ್ಷ್ಯಚಿತ್ರ. ದೇಶ ಜಮೈಕಾ, ಕೆರಿಬಿಯನ್ ಸಮುದ್ರದ ದ್ವೀಪ, ಜನಸಂಖ್ಯೆ 30 ಲಕ್ಷದೊಳಗೆ. ತೈಲದ ಬೆಲೆ ಏರಿ ಕೈ ಬರಿದಾದಾಗ, 1977ರಲ್ಲಿ, ಪ್ರಧಾನಿ ಮೈಕೆಲ್ ಮ್ಯಾನ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕೆ ಒಪ್ಪಿದರು. ಸಾಲದ ಬೆನ್ನಿಗೇ ಷರತ್ತುಗಳು ಬಂದವು. 1992ರಲ್ಲಿ ಹೊರಗಿನ ಹಾಲಿನ ಪುಡಿಯ ಮೇಲಿನ ಸುಂಕ ಹೋಯಿತು, ಊರಿನ ಹೈನಿಗಿದ್ದ ಸಹಾಯಧನವೂ ಹೋಯಿತು. ಶ್ರೀಮಂತ ದೇಶಗಳು ತಮ್ಮ ರೈತರಿಗೆ ಮಾತ್ರ ಸಬ್ಸಿಡಿ ಕೊಡುತ್ತಲೇ ಇದ್ದವು. ಅವರ ಪುಡಿ ಅಗ್ಗ. ಮರುವರ್ಷ ಜಮೈಕಾದವರು ಕರೆದ ಹಾಲನ್ನು ಚೆಲ್ಲಿದರು, 700 ಹಸುಗಳು ಕಸಾಯಿಖಾನೆಗೆ ಹೋದವು. ನೆರವು ಎಂಬ ಮಾತಿನ ಇನ್ನೊಂದು ಮುಖ ನನಗೆ ಯಾವ ಭಾಷಣದಿಂದಲೂ ಇಷ್ಟು ಚೆನ್ನಾಗಿ ತಿಳಿದಿರಲಿಲ್ಲ.

ಆದರೂ ನನ್ನದೊಂದು ತಕರಾರಿದೆ. ಹಿನ್ನೆಲೆಯ ಮಾತು ಲೇಖಕಿ ಜಮೈಕಾ ಕಿಂಕೇಡ್ ಅವರದು (ಹೆಸರಷ್ಟೇ ಜಮೈಕಾ, ಹುಟ್ಟಿದ್ದು ಆಂಟಿಗಾ ದ್ವೀಪದಲ್ಲಿ). 1988ರ ತಮ್ಮ 'ಎ ಸ್ಮಾಲ್ ಪ್ಲೇಸ್' ಪುಸ್ತಕವನ್ನೇ ಇದಕ್ಕೆ ಹೊಂದಿಸಿ ಕೊಟ್ಟಿದ್ದಾರೆ. ಆ ಪುಸ್ತಕದಲ್ಲಿ ಅವರು ಪ್ರವಾಸಿಗಳನ್ನೂ ಬ್ರಿಟಿಷರನ್ನೂ ಬೈದಷ್ಟೇ ಖಾರವಾಗಿ ತಮ್ಮವರೇ ಆದ ಮಂತ್ರಿಗಳ ಲಂಚಕೋರತನವನ್ನೂ ಬೈಯುತ್ತಾರೆ. ಸಿನಿಮಾಕ್ಕೆ ಬರುವಾಗ ಆ ಖಾರ ಇಳಿದುಹೋಗಿದೆ. ಮ್ಯಾನ್ಲಿ ನೊಂದ ಹಿರಿಯರಂತೆ ಕುಳಿತು ಮಾತಾಡುತ್ತಾರೆ. ಮನೆಯೊಳಗಿನ ಖರ್ಚಿನ ಲೆಕ್ಕವೇನು ಸ್ವಾಮಿ ಎಂದು ಒತ್ತಿ ಕೇಳುವವರಿಲ್ಲ. ನನ್ನಮ್ಮ ಬಡ್ಡಿಯವನನ್ನು ಶಪಿಸುವಾಗ ಅಪ್ಪನನ್ನೂ ಬಿಡುತ್ತಿರಲಿಲ್ಲ!

ಸಾಲಗಾರನಿಗೆ ದಾರಿಯೇ ಇಲ್ಲವೆಂಬ ಚಿತ್ರದ ಹತಾಶೆಯೂ ಪೂರ್ತಿ ನಿಜವಾಗಲಿಲ್ಲ. 2013ರಲ್ಲಿ ಅದೇ ನಿಧಿಯ ಜೊತೆ ಜಮೈಕಾ ಮತ್ತೆ ಒಪ್ಪಂದ ಮಾಡಿಕೊಂಡಿತು. ಈ ಸಲ ಕಣ್ಣಿಡಲು ದೇಶದೊಳಗೇ ಒಂದು ಸಮಿತಿಯಿತ್ತು. ವ್ಯಾಪಾರಸ್ಥರೂ ಕಾರ್ಮಿಕ ಸಂಘದವರೂ ಅದರಲ್ಲಿದ್ದರು. 2012ರಲ್ಲಿ ರಾಷ್ಟ್ರೀಯ ಉತ್ಪನ್ನದ ಶೇ. 144ರಷ್ಟಿದ್ದ ಸಾಲ 2023ಕ್ಕೆ ಶೇ. 72ಕ್ಕೆ ಇಳಿಯಿತು. 2025ರ ಅಕ್ಟೋಬರಿನಲ್ಲಿ ಮೆಲಿಸಾ ಚಂಡಮಾರುತ ಅಪ್ಪಳಿಸಿದಾಗ, ವಿಶ್ವಬ್ಯಾಂಕಿನ ಮೂಲಕ ಮೊದಲೇ ಮಾಡಿಸಿಟ್ಟ ವಿಮೆಯಂಥ ಬಾಂಡಿನಿಂದ 15 ಕೋಟಿ ಡಾಲರು ಪೂರ್ತಿ ಬಂತು. ಹಾನಿ ಅದರ ಹತ್ತಾರು ಪಟ್ಟು ಎನ್ನಿ, ಆದರೂ ಕೈಯೊಡ್ಡುವ ಮೊದಲು ಕೈಯಲ್ಲಿ ಒಂದಿಷ್ಟಿತ್ತು.

ಈ ಸಾಧನೆಗೆ ಬೆಲೆ ತೆತ್ತವರಲ್ಲಿ, ಸಂಬಳ ಏರದೆ ವರ್ಷಗಟ್ಟಲೆ ಕಾದ ಟೀಚರುಗಳೂ ನರ್ಸುಗಳೂ ಇದ್ದರು. ಅವರನ್ನು ಮಾತಾಡಿಸಿ ಯಾರಾದರೂ ಚಿತ್ರ ತೆಗೆದರೆ, ಮಗಳನ್ನು ಕೂರಿಸಿಕೊಂಡು ನೋಡಬೇಕೆಂದಿದ್ದೇನೆ.