ಜೀಬ್ರಾದ ವ್ಯತಿರೇಕ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ರಾಬರ್ಟ್ ಸಪೋಲ್ಸ್ಕಿಯವರ ‘ವೈ ಜೀಬ್ರಾಸ್ ಡೋಂಟ್ ಗೆಟ್ ಅಲ್ಸರ್ಸ್’ ಎಂಬ ಗ್ರಂಥವು 1994ರಲ್ಲಿ ಪ್ರಕಟವಾಗಿ 2004ರಲ್ಲಿ ಮೂರನೆಯ ಆವೃತ್ತಿಯನ್ನು ಕಂಡಿತು. ಶಾಸ್ತ್ರವಿಷಯವನ್ನು ಸಾಮಾನ್ಯ ವಾಚಕರಿಗೆ ಸುಬೋಧವಾಗುವಂತೆ ನಿರೂಪಿಸುವ ಗದ್ಯದಲ್ಲಿ ಅದಕ್ಕೆ ಗಣ್ಯವಾದ ಸ್ಥಾನವುಂಟು. ಆದರೆ ಗ್ರಂಥಕ್ಕಿಂತಲೂ ಅದರ ಹೆಸರೇ ಹೆಚ್ಚು ದೂರ ಸಂಚರಿಸಿದೆ. ಸಿಂಹವು ಬೆನ್ನಟ್ಟಿದಾಗ ಜೀಬ್ರಾ ಪ್ರಾಣಭಯದಿಂದ ಓಡುವುದು. ಬದುಕಿಕೊಂಡರೆ ಮರಳಿ ಹುಲ್ಲು ಮೇಯುವುದು. ಮನುಷ್ಯನಾದರೋ ಇನ್ನೂ ಬಾರದ ಸಿಂಹವನ್ನು ನೆನೆದು ಹಗಲಿರುಳೂ ಬೇಯುವನು. ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಇದು ವ್ಯತಿರೇಕ. ಗ್ರಂಥದೊಳಗಿನ ಸಾಕ್ಷ್ಯವು ಈ ವ್ಯತಿರೇಕವನ್ನು ಸಮರ್ಥಿಸುವುದೇ ಎಂಬುದು ವಿಚಾರಣೀಯವಾದ ಅಂಶ.

ಅಪಾಯವು ಎದುರಾದೊಡನೆ ಮಿದುಳಿನ ಹೈಪೊಥಲಾಮಸ್ಸಿನಿಂದ ಪಿಟ್ಯುಟರಿ ಗ್ರಂಥಿಗೂ, ಅಲ್ಲಿಂದ ಮೂತ್ರಪಿಂಡಗಳ ಮೇಲಣ ಅಡ್ರಿನಲ್ ಗ್ರಂಥಿಗಳಿಗೂ ಸಂದೇಶವು ಸಾಗಿ, ರಕ್ತದಲ್ಲಿ ಕಾರ್ಟಿಸೋಲ್ ಏರುವುದು; ಇಲಿಗಳಲ್ಲಿ ಅದರ ಸ್ಥಾನದಲ್ಲಿರುವುದು ಕಾರ್ಟಿಕೋಸ್ಟೆರೋನ್. ನೆನಪಿಗೆ ಆಶ್ರಯವಾದ ಹಿಪೊಕ್ಯಾಂಪಸ್ ಎಂಬ ಭಾಗವು ಈ ಏರಿಕೆಯನ್ನು ಹಿಡಿದು ನಿಲ್ಲಿಸುವ ಕಡಿವಾಣಗಳಲ್ಲೊಂದು. ಒತ್ತಡವು ಬಹುಕಾಲ ನಿಂತರೆ ಆ ಕಡಿವಾಣವೇ ಸವೆಯತೊಡಗುವುದು. ಈ ಭಾಗದ ನಿರೂಪಣೆ ಗ್ರಂಥದಲ್ಲಿ ಅತ್ಯುತ್ತಮವಾದುದು.

ಆದರೆ ಇವೆಲ್ಲ ತಿಳಿದುಬಂದುದು ಬಹುಮಟ್ಟಿಗೆ ಮೃಗಗಳಿಂದಲೇ. 1936ರಲ್ಲಿ ಹಾನ್ಸ್ ಸೆಲ್ಯೆಯವರು ನಾನಾ ವಿಧದ ಪೀಡೆಗೆ ಗುರಿಯಾದ ಇಲಿಗಳಲ್ಲಿ ಕಂಡ ಚಿಹ್ನೆಗಳಲ್ಲಿ ಜಠರದ ಹುಣ್ಣೂ ಒಂದು. ತರುವಾಯ ಜೇ ವೈಸ್ ಅವರು, ಒಂದೇ ಪ್ರಮಾಣದ ವಿದ್ಯುದಾಘಾತವನ್ನು ಪಡೆದ ಇಲಿಗಳಲ್ಲಿ, ಮುನ್ಸೂಚನೆ ದೊರೆತವುಗಳಿಗಿಂತ ದೊರೆಯದವುಗಳಿಗೇ ಹುಣ್ಣು ಹೆಚ್ಚೆಂದು ತೋರಿಸಿದರು. ಆಘಾತವು ಸಮಾನವಾಗಿರಲು ಭೇದವನ್ನುಂಟುಮಾಡಿದುದು ಅನಿಶ್ಚಯ. ಎಂದಮೇಲೆ ಬಾರದ ಸಿಂಹವನ್ನು ಕಾಯುವುದು ಇಲಿಗೂ ತಪ್ಪಿದ್ದಲ್ಲ. ಇಲಿಗಳು ಪಂಜರದವು ಎಂದು ಆಕ್ಷೇಪಿಸುವವರಿಗೆ ಸಪೋಲ್ಸ್ಕಿಯವರ ಸ್ವಂತ ಸಂಶೋಧನೆಯೇ ಉತ್ತರ. ಪೂರ್ವ ಆಫ್ರಿಕದ ಬಯಲಿನಲ್ಲಿ ಅವರು 1978ರಿಂದ ಅನೇಕ ವರ್ಷ ಅವಲೋಕಿಸಿದ ಬಬೂನ್ ಹಿಂಡುಗಳಲ್ಲಿ, ಅಂತಸ್ತುಗಳು ಸ್ಥಿರವಾಗಿದ್ದಾಗ ಕೆಳಗಿನ ಗಂಡುಗಳ ರಕ್ತದಲ್ಲಿ ವಿಶ್ರಾಂತಿಯ ವೇಳೆಯಲ್ಲಿಯೂ ಕಾರ್ಟಿಸೋಲ್ ಅಧಿಕ. ಅಂತಸ್ತುಗಳು ಅಲುಗಾಡಿದಾಗ ಆ ಕೆಳಗಿನವರ ಪಾಡು ಮೇಲಿನವರಿಗೂ ಬರುವುದು. ಸಂಘಜೀವಿಗಳಾದ ವಾನರಗಳು ಮನುಷ್ಯನ ಪಕ್ಷಕ್ಕೇ ಸೇರಿದವೆಂಬುದನ್ನು ಗ್ರಂಥಕರ್ತರು ಅರಿಯದವರಲ್ಲ, ಮರೆಮಾಚಿದವರೂ ಅಲ್ಲ. ಆದರೂ ಹೆಸರಿನಲ್ಲಿ ನಿಂತದ್ದು ಜೀಬ್ರಾ. ಸಾಕ್ಷಿ ನುಡಿದದ್ದು ಇಲಿ ಮತ್ತು ಬಬೂನ್.

ಈ ಲೋಪವನ್ನು ಇನ್ನೂ ಸ್ಪಷ್ಟಪಡಿಸಿದ ಕೆಲಸ ನಡೆದುದು ಬೆಂಗಳೂರಿನಲ್ಲಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿಯವರೂ ನಿಮ್ಹಾನ್ಸ್ ಸಂಸ್ಥೆಯ ಶಂಕರನಾರಾಯಣ ರಾವ್ ಅವರೂ ಸಹೋದ್ಯೋಗಿಗಳೊಡನೆ 2002ರಲ್ಲಿ ಪ್ರಕಟಿಸಿದ ಲೇಖನದಂತೆ, ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಬಂಧಿಸಲ್ಪಟ್ಟ ಇಲಿಗಳ ಹಿಪೊಕ್ಯಾಂಪಸ್ಸಿನಲ್ಲಿ ನರಕೋಶಗಳ ಶಾಖೆಗಳು ಕುಗ್ಗಿದವು. ಭಯದ ಕೇಂದ್ರವಾದ ಅಮಿಗ್ಡಲಾದಲ್ಲಿ ಅವು ಬೆಳೆದವು. 2004ರ ಲೇಖನವು ಇನ್ನೂ ಗಮನಾರ್ಹವಾದುದು: ಬಂಧನವು ಮುಗಿದು 21 ದಿನಗಳು ಕಳೆದರೂ ಅಮಿಗ್ಡಲಾದ ಬೆಳವಣಿಗೆ ಇಳಿಯಲಿಲ್ಲ, ಇಲಿಗಳ ಅಂಜಿಕೆಯೂ ಇಳಿಯಲಿಲ್ಲ. 1994ರ ಗ್ರಂಥದಲ್ಲಿ ಇದು ಇರಲಾರದೆಂಬುದು ಸರಿಯೇ. ಸಿಂಹವು ಹೋದೊಡನೆ ಮೇವಿಗೆ ಮರಳುವ ಪ್ರಾಣಿಯ ಚಿತ್ರವಾದರೋ ಇಲ್ಲಿ ನಿಲ್ಲದು.

ಪಂಚತಂತ್ರದಲ್ಲಿ ಪಿಂಗಳಕನೆಂಬ ಸಿಂಹವೇ, ಕಾಣದ ಎತ್ತಿನ ಗುಟುರನ್ನು ಕೇಳಿ ನೀರು ಕುಡಿಯದೆ ನಿಲ್ಲುವುದು. ಅಲ್ಲಿ ಮೃಗಗಳು ಮಾತನಾಡುವುದರಿಂದ ಅದು ಕಥಾಸಂಪ್ರದಾಯವೆಂದು ಓದುವವರೆಲ್ಲ ಬಲ್ಲರು. ಸಪೋಲ್ಸ್ಕಿಯವರ ಜೀಬ್ರಾ ಮೌನಿಯಾದುದರಿಂದ ಅದೂ ಮನುಷ್ಯನಿಗೆ ನೀತಿ ಹೇಳಲು ನಿಂತ ಪಾತ್ರವೆಂಬುದು ಮರೆತುಹೋಗಿ, ದೃಷ್ಟಾಂತವೇ ಸಿದ್ಧಾಂತವೆಂದು ನಡೆಯುವುದು. ಈ ಗ್ರಂಥದ ಭಾಗಗಳನ್ನು ಕನ್ನಡಿಸಬಯಸುವವರು ಬಬೂನ್‌ಗಳ ಪ್ರಕರಣಗಳಿಂದ ಆರಂಭಿಸುವುದು ಯುಕ್ತ.