ನೋಡುವವರಿಲ್ಲದ ಹಬ್ಬ

ವಸಂತಕ್ಕೂ ನನ್ನ ವೃತ್ತಿಗೂ ಹಳೆಯ ವೈರ. ಬೆಂಗಳೂರಿನಲ್ಲಿ ಬಿ.ಕಾಂ. ಮುಗಿಸಿ ಸಿ.ಎ. ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ ಯುಗಾದಿಯೆಂದರೆ ಬ್ಯಾಂಕ್ ಆಡಿಟ್. ಮಾರ್ಚ್ 31 ಕಳೆದದ್ದೇ ತಡ, ಯಾವುದೋ ಊರಿನ ಬ್ರಾಂಚಿನಲ್ಲಿ ಲೆಡ್ಜರುಗಳ ಮುಂದೆ ಕೂರಬೇಕಿತ್ತು. ಅಮ್ಮ ಒಬ್ಬಟ್ಟನ್ನು ಡಬ್ಬಿಯಲ್ಲಿ ಎತ್ತಿಟ್ಟಿರುತ್ತಿದ್ದರು. ವಾಷಿಂಗ್ಟನ್ ಡಿ.ಸಿ.ಯ ಹೊರವಲಯಕ್ಕೆ ಬಂದು ಹದಿನಾರು ವರ್ಷವಾಯಿತು. ಇಲ್ಲೂ ಅದೇ ಹಾಡು. ಏಪ್ರಿಲ್ 15 ಆದಾಯ ತೆರಿಗೆಯ ಗಡುವು. ಊರೆಲ್ಲ ಹೂ ನೋಡಲು ಹೊರಟಾಗ ನಾನು ಬೇರೆಯವರ ರಸೀದಿ ಕೂಡಿಸುತ್ತಿರುತ್ತೇನೆ.

ಹೀಗಿದ್ದೂ ಈ ಊರಿನ ವಸಂತದ ಕಾರ್ಯಕ್ರಮಗಳ ಬಗ್ಗೆ ಬರೆಯಲು ನನಗೊಂದು ಅರ್ಹತೆಯಿದೆ. ನಾಲ್ಕು ವರ್ಷ ನಮ್ಮ ಕನ್ನಡ ಸಂಘವೊಂದಕ್ಕೆ ಖಜಾಂಚಿಯಾಗಿದ್ದೆ. ವೇದಿಕೆಯ ಮುಂದೆ ಕೂತವರಿಗೆ ಕಾಣದ ಕೆಲವು ಸಂಗತಿಗಳು ಖರ್ಚಿನ ಪಟ್ಟಿ ಬರೆಯುವವನಿಗೆ ಕಾಣುತ್ತವೆ.

ಮೊದಲು ಊರ ಹಬ್ಬವನ್ನೇ ನೋಡೋಣ. ವಾಷಿಂಗ್ಟನ್ನಿನ ವಸಂತವೆಂದರೆ ಚೆರ್ರಿ ಹೂ. ಟೈಡಲ್ ಬೇಸಿನ್ ಎಂಬ ಕೊಳದ ಸುತ್ತ ಇರುವ ಯೋಶಿನೊ ಜಾತಿಯ ಮರಗಳಲ್ಲಿ ಶೇಕಡಾ 70ರಷ್ಟು ಹೂ ಅರಳಿದ ದಿನವನ್ನು ಇಲ್ಲಿನ ಉದ್ಯಾನ ಇಲಾಖೆ ‘ಪೀಕ್ ಬ್ಲೂಮ್’ ಎಂದು ಸಾರುತ್ತದೆ. ಸಾಮಾನ್ಯವಾಗಿ ಮಾರ್ಚ್ ಕೊನೆ ಇಲ್ಲವೇ ಏಪ್ರಿಲ್ ಮೊದಲ ವಾರ. ಸೌಂದರ್ಯಕ್ಕೂ ಶೇಕಡಾವಾರು ಲೆಕ್ಕ ಇಟ್ಟಿದ್ದಾರಲ್ಲ ಎಂದು ನನಗೆ ಈ ವ್ಯಾಖ್ಯೆ ಬಹಳ ಹಿಡಿಸಿತು. ಆಮೇಲೆ ಗಾಳಿ ಮಳೆ ಇಲ್ಲದಿದ್ದರೆ ಕೆಲವು ದಿನ, ಇದ್ದರೆ ಅದೂ ಇಲ್ಲ.

ಈ ಮರಗಳ ಕಥೆ ಎಷ್ಟೋ ಜನಕ್ಕೆ ಗೊತ್ತು: 1912ರಲ್ಲಿ ಟೋಕಿಯೋ ನಗರ 3,020 ಗಿಡಗಳನ್ನು ಉಡುಗೊರೆಯಾಗಿ ಕಳಿಸಿತು, ಆ ವರ್ಷದ ಮಾರ್ಚ್ 27ರಂದು ಅಧ್ಯಕ್ಷ ಟಾಫ್ಟ್ ಅವರ ಪತ್ನಿ ಹೆಲೆನ್ ಟಾಫ್ಟ್ ಮತ್ತು ಜಪಾನಿ ರಾಯಭಾರಿಯ ಪತ್ನಿ ಮೊದಲ ಎರಡನ್ನು ನೆಟ್ಟರು. ಅದಕ್ಕೂ ಮುಂಚಿನ ಭಾಗ ಅಷ್ಟಾಗಿ ಯಾರೂ ಹೇಳುವುದಿಲ್ಲ. 1910ರಲ್ಲಿ ಬಂದಿದ್ದ ಎರಡು ಸಾವಿರ ಗಿಡಗಳಿಗೆ ಹುಳ, ರೋಗ ತಗುಲಿತ್ತು. ಅಧ್ಯಕ್ಷರ ಒಪ್ಪಿಗೆ ಪಡೆದು ಅವನ್ನು ಸುಟ್ಟುಹಾಕಿದರು. ಕೊಟ್ಟವರ ಎದುರಿಗೇ ಉಡುಗೊರೆ ಸುಟ್ಟಂತೆ ಆಯಿತಲ್ಲ. ಆದರೂ ಜಪಾನಿನವರು ಮುನಿಸಿಕೊಳ್ಳದೆ ಮತ್ತೆ ಕಳಿಸಿದರು. ಇನ್ನೂ ಹಿಂದೆ ಹೋದರೆ ಎಲೈಝಾ ಸಿಡ್‌ಮೋರ್ ಎಂಬ ಲೇಖಕಿ ಸಿಗುತ್ತಾರೆ. ಜಪಾನಿಗೆ ಹೋಗಿ ಈ ಹೂ ಕಂಡು ಮರುಳಾಗಿ, 1885ರಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ, ಒಬ್ಬರಾದ ಮೇಲೊಬ್ಬ ಅಧಿಕಾರಿಯ ಬಾಗಿಲು ತಟ್ಟಿದವರು. ಆ ಹೂ ಅವರ ದೇಶದ್ದಲ್ಲ, ಅವರ ಅಜ್ಜಿ ತಾತಂದಿರದ್ದಲ್ಲ. ತನ್ನದಲ್ಲದ ಒಂದನ್ನು ಮೆಚ್ಚಿ, ಅದು ತನ್ನ ಊರಿಗೂ ಬೇಕು ಎಂದವರು.

ಆ ಗುಣ ಈ ಹಬ್ಬದಲ್ಲಿ ಇವತ್ತಿಗೂ ಉಳಿದಿದೆ ಎಂದು ನನ್ನ ಅನಿಸಿಕೆ. 2024ರಲ್ಲಿ ಕೊಳದ ತಡೆಗೋಡೆ ದುರಸ್ತಿಗೆಂದು ನೂರಕ್ಕೂ ಹೆಚ್ಚು ಚೆರ್ರಿ ಮರ ಕಡಿಯಬೇಕಾಯಿತು. ಅದರಲ್ಲಿ ಒಂದು, ಬುಡ ಪೊಳ್ಳಾದ, ನಾಲ್ಕೇ ಕೊಂಬೆ ಉಳಿದ ಮೋಟು ಮರ. ಜನ ಅದಕ್ಕೆ ‘ಸ್ಟಂಪಿ’ ಎಂದು ಹೆಸರಿಟ್ಟಿದ್ದರು. ಕಡಿಯುವ ಮುಂಚೆ ಅದನ್ನು ನೋಡಲು ಜನ ಸಾಲುಗಟ್ಟಿದರು. ನಾನೂ ಒಂದು ಸಂಜೆ ಆಫೀಸಿನಿಂದ ನೇರ ಹೋಗಿದ್ದೆ. ನನ್ನ ಮುಂದೆ ಇಥಿಯೋಪಿಯದ ಒಂದು ಕುಟುಂಬ, ಹಿಂದೆ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ. ಆ ಮರ ನಮ್ಮಲ್ಲಿ ಯಾರ ನೆಂಟನೂ ಅಲ್ಲ.

ವಾಷಿಂಗ್ಟನ್ ಸ್ಮಾರಕದ ಹುಲ್ಲಿನ ಮೇಲೆ ನಡೆಯುವ ಗಾಳಿಪಟದ ಹಬ್ಬವೂ ಹೀಗೆಯೇ. 1967ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಪಾಲ್ ಗಾರ್ಬರ್ ಶುರುಮಾಡಿದ್ದು. ಅವರು ವಿಮಾನ ಸಂಗ್ರಹಾಲಯ ಕಟ್ಟಿದವರು, ಗಾಳಿಪಟದ ಹುಚ್ಚಿನವರು. ಅಲ್ಲಿ ಟಿಕೆಟ್ ಇಲ್ಲ, ವೇದಿಕೆಯೂ ಇಲ್ಲದಷ್ಟೇ. ನಿಮ್ಮ ಪಟ ಹಾರದಿದ್ದರೆ ಪಕ್ಕದವರ ಪಟ ನೋಡುತ್ತೀರಿ. ನೂಲು ಸಿಕ್ಕಿಕೊಂಡರೆ ಗುರುತಿಲ್ಲದವರ ಜೊತೆ ಕೂತು ಬಿಡಿಸುತ್ತೀರಿ. ಮಗಳು ಆರು ವರ್ಷದವಳಿದ್ದಾಗ ಒಬ್ಬ ಅಜ್ಜ ತನ್ನ ಪಟದ ದಾರವನ್ನು ಅವಳ ಕೈಗೆ ಕೊಟ್ಟು ಅರ್ಧ ಗಂಟೆ ಸುಮ್ಮನೆ ನಿಂತಿದ್ದರು. ಅವರ ಹೆಸರು ಕೇಳಲಿಲ್ಲವೆಂದು ಈಗ ಬೇಸರವಾಗುತ್ತದೆ.

ಎಲ್ಲವೂ ಚೆನ್ನ ಎಂದು ನಾನು ಹೇಳುತ್ತಿಲ್ಲ. ಚೆರ್ರಿ ಹಬ್ಬದಲ್ಲಿ ಹೂವಿಗಿಂತ ಫೋನುಗಳೇ ಹೆಚ್ಚು ಕಾಣುತ್ತವೆ. ಮೆರವಣಿಗೆಯಲ್ಲಿ ಪ್ರಾಯೋಜಕರ ಬಲೂನುಗಳ ನಡುವೆ ಜಪಾನನ್ನು ಹುಡುಕಬೇಕು. ಶ್ವೇತಭವನದ ಅಂಗಳದಲ್ಲಿ ಈಸ್ಟರ್ ಮೊಟ್ಟೆ ಉರುಳಿಸುವ ಆಟ, 1878ರಲ್ಲಿ ಅಧ್ಯಕ್ಷ ಹೇಯ್ಸ್ ಮಕ್ಕಳಿಗೆ ಗೇಟು ತೆರೆದಾಗ ಶುರುವಾದದ್ದು, ಈಗ ಲಾಟರಿ ಹೊಡೆದವರಿಗೆ ಮಾತ್ರ. ಆದರೂ ಇವೆಲ್ಲಕ್ಕೂ ಒಂದು ಸಾಮಾನ್ಯ ಲಕ್ಷಣವಿದೆ: ಬರುವವರಲ್ಲಿ ಬಹುಪಾಲು ಜನ ತಮ್ಮವರನ್ನು ನೋಡಲು ಬಂದವರಲ್ಲ.

ಇದೇನು ಅಮೆರಿಕದ ಸ್ವತ್ತಲ್ಲ. ನಾನು ಕಂಡ ಇಂಥ ಮೊದಲ ಹಬ್ಬ ಚಾಮರಾಜಪೇಟೆಯದು. ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಿಂದ ನಡೆಸುತ್ತ ಬಂದಿರುವ ರಾಮನವಮಿ ಸಂಗೀತೋತ್ಸವ. ಆಡಿಟ್ ಮುಗಿಸಿ ರಾತ್ರಿ ಎಂಟಕ್ಕೆ ಬಸ್ಸಿಳಿದು, ಟಿಕೆಟ್ಟಿಗೆ ಕಾಸಿಲ್ಲದೆ ಚಪ್ಪರದ ಹೊರಗೆ ಫುಟ್‌ಪಾತಿನಲ್ಲಿ ನಿಂತು ಕೇಳಿದ್ದೇನೆ. ಪಕ್ಕದಲ್ಲಿ ಆಟೋದವರು, ಹೂ ಮಾರುವವರು, ತರಕಾರಿ ಚೀಲ ಹಿಡಿದ ಹೆಂಗಸರು. ರಾಗದ ಹೆಸರು ನನಗೂ ಗೊತ್ತಿರಲಿಲ್ಲ. ಹಾಡುವವರು ನಮ್ಮ ಯಾರ ಮನೆಯವರೂ ಆಗಿರಲಿಲ್ಲ. ಹಾಗಾಗಿಯೇ ಕೇಳುತ್ತಿದ್ದೆವು.

ಈಗ ನಮ್ಮ ಯುಗಾದಿಗೆ ಬರುತ್ತೇನೆ. ಅಮೆರಿಕನ್ನಡಿಗರಿಗೆ ಚಿತ್ರ ಪರಿಚಿತವೇ. ಬಾಡಿಗೆಗೆ ಹಿಡಿದ ಹೈಸ್ಕೂಲ್ ಸಭಾಂಗಣ. ಹಬ್ಬ ಯಾವ ವಾರ ಬಿದ್ದರೂ ಆಚರಣೆ ಸಭಾಂಗಣ ಸಿಕ್ಕಿದ ಶನಿವಾರ. ಬಾಗಿಲಲ್ಲಿ ಕಾಗದದ ಪುಟ್ಟ ಬಟ್ಟಲಲ್ಲಿ ಬೇವು ಬೆಲ್ಲ, ಬೆಲ್ಲವೇ ಜಾಸ್ತಿ. ಮಧ್ಯಾಹ್ನ ಎರಡೂವರೆಗೆ ನಾಡಗೀತೆ, ಆಮೇಲೆ ರಾತ್ರಿ ಒಂಬತ್ತರವರೆಗೆ ಮೂವತ್ತನಾಲ್ಕು ಕಾರ್ಯಕ್ರಮ. ಒಂದೊಂದಕ್ಕೆ ನಾಲ್ಕು ನಿಮಿಷ. ಮಕ್ಕಳ ಗುಂಪು ವೇದಿಕೆ ಹತ್ತಿದಂತೆ ಮುಂದಿನ ಸಾಲಿಗೆ ಅಪ್ಪಂದಿರ ಗುಂಪು ನುಗ್ಗುತ್ತದೆ, ಕೈ ಮೇಲೆತ್ತಿ ಫೋನು ಹಿಡಿಯುತ್ತದೆ, ಹಾಡು ಮುಗಿದಂತೆ ಹಿಂದಕ್ಕೆ ಸರಿಯುತ್ತದೆ. ಇನ್ನೊಂದು ಗುಂಪು ಬರುತ್ತದೆ. ಆಡಿಯಾದ ಮಕ್ಕಳು ಬಟ್ಟೆ ಬದಲಿಸಿ ಊಟದ ಸಾಲಿನಲ್ಲಿರುತ್ತಾರೆ. ನನ್ನ ಮಗಳೇ ಒಮ್ಮೆ ಕೈ ಜಗ್ಗಿ ಹೇಳಿದ್ದಳು, “ಅಪ್ಪ, ನಮ್ಮ ಐಟಂ ಆಯ್ತಲ್ಲ, ಹೋಗೋಣ ಬಾ.” ನಾವು ಹೋಗಿದ್ದೆವು ಕೂಡ.

ಏಳು ನೂರು ಜನ ಬಂದ ಹಬ್ಬ ಎಂದು ವರದಿಯಲ್ಲಿ ಬರೆಯುತ್ತಿದ್ದೆ. ಸುಳ್ಳಲ್ಲ. ಆದರೆ ಯಾವ ಗಳಿಗೆಯಲ್ಲಿ ನೋಡಿದರೂ ಒಳಗೆ ಕೂತವರು ನೂರೈವತ್ತು. ಆ ನೂರೈವತ್ತೂ ಸರದಿಯ ಪ್ರಕಾರ ಬದಲಾಗುತ್ತಿದ್ದವು.

ಇದು ಹೀಗೇಕಾಯಿತು? ಸಿನಿಮಾ ಹಾಡಿನ ಹಾವಳಿ, ಮಕ್ಕಳಿಗೆ ಕನ್ನಡ ಬಾರದಿರುವುದು, ಹೊಸದಾಗಿ ಬಂದವರ ನಿರಾಸಕ್ತಿ ಎಂದು ನಮ್ಮ ಹಿರಿಯರು ಕಾರಣ ಕೊಡುತ್ತಾರೆ. ಮುಖ್ಯ ಕಾರಣ ನನಗೆ ಗೊತ್ತು, ಏಕೆಂದರೆ ಅದನ್ನು ಬರೆದವನು ನಾನೇ. ಖಜಾಂಚಿಯಾದ ಮೊದಲ ವರ್ಷ ಸಂಘ ನಷ್ಟದಲ್ಲಿತ್ತು. ಸಭಾಂಗಣದ ಬಾಡಿಗೆ, ವಿಮೆ, ಧ್ವನಿವರ್ಧಕ, ಊಟ, ಎಲ್ಲದರ ಬೆಲೆ ಏರಿತ್ತು. ಎಕ್ಸೆಲ್ ಶೀಟ್ ಹಾಕಿ ಕೂತೆ. ಒಂದು ಮಗು ವೇದಿಕೆ ಹತ್ತಿದರೆ ಮೂರು ಟಿಕೆಟ್. ಊರಿಂದ ಅಜ್ಜಿ ತಾತ ಬಂದಿದ್ದರೆ ಐದು. ಇಪ್ಪತ್ತು ಮಕ್ಕಳ ನಾಲ್ಕು ನಿಮಿಷದ ನೃತ್ಯ ಅರವತ್ತು ಟಿಕೆಟ್ ತರುತ್ತದೆ, ಅಂದರೆ ನಿಮಿಷಕ್ಕೆ ಹದಿನೈದು. ಸಮಿತಿಯ ಸಭೆಯಲ್ಲಿ ಇದನ್ನು ತೋರಿಸಿದಾಗ ಚಪ್ಪಾಳೆ ಬಿತ್ತು. ಆ ವರ್ಷವೇ ನಷ್ಟ ತುಂಬಿತು. ಮೂರನೇ ವರ್ಷಕ್ಕೆ ಉಳಿತಾಯ ಖಾತೆ ತೆರೆದೆವು.

2023ರ ಯುಗಾದಿಗೆ ಸಂಘದ ಸದಸ್ಯರೊಬ್ಬರ ತಂದೆ ಶಿವಮೊಗ್ಗದ ಕಡೆಯಿಂದ ಬಂದಿದ್ದರು. ಎಪ್ಪತ್ತೆಂಟು ವರ್ಷ, ನಿವೃತ್ತ ಮೇಷ್ಟ್ರು, ಗಮಕಿ. ಕುಮಾರವ್ಯಾಸನ ವಿರಾಟಪರ್ವದಿಂದ ಒಂದು ಭಾಗ ವಾಚಿಸಿ, ತಾವೇ ವ್ಯಾಖ್ಯಾನ ಮಾಡುತ್ತೇನೆ, ಇಪ್ಪತ್ತು ನಿಮಿಷ ಕೊಡಿ ಎಂದು ಕೇಳಿದ್ದರು. ನನ್ನ ಶೀಟಿನಲ್ಲಿ ಆ ಸಾಲು ಹೀಗಿತ್ತು: ಕಲಾವಿದರು ಒಬ್ಬರು, ಟಿಕೆಟ್ ಮೂರು, ಸಮಯ ಇಪ್ಪತ್ತು ನಿಮಿಷ. ನಾನೇ ಅದನ್ನು ಆರು ನಿಮಿಷಕ್ಕೆ ಇಳಿಸಿ ಕೊನೆಗೆ ಹಾಕಿದೆ. ಫೋನು ಮಾಡಿ ಹೇಳಿದಾಗ ಅವರು, “ಆಗಲಿ ಬಿಡಪ್ಪ, ನಿಮ್ಮ ಕಷ್ಟ ನಿಮಗೆ” ಎಂದರು.

ಅವರ ಸರದಿ ಬಂದಾಗ ಎಂಟೂ ಮುಕ್ಕಾಲು. ಒಳಗೆ ಉಳಿದಿದ್ದವರು ಹತ್ತು ಹನ್ನೆರಡು ಜನ, ಅದರಲ್ಲಿ ಅರ್ಧ ಜನ ಕುರ್ಚಿಗಳ ಕೆಳಗಿನ ಕಾಗದದ ಲೋಟ ಹೆಕ್ಕುತ್ತಿದ್ದೆವು. ಅವರು ಶಲ್ಯ ಸರಿಮಾಡಿಕೊಂಡು ಕೂತು, ಖಾಲಿ ಕುರ್ಚಿಗಳಿಗೆ ಕೈ ಮುಗಿದು ಶುರುಮಾಡಿದರು. ಕೀಚಕನಿಂದ ನೊಂದ ದ್ರೌಪದಿ ನಡುರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುವ ಸಂದರ್ಭ. ಶಾಲೆಯ ಕಸ ಗುಡಿಸುವ, ದೀಪ ಆರಿಸುವ ಕೆಲಸದವನು ಎಲ್ ಸಾಲ್ವಡಾರಿನವನು. ಒಂಬತ್ತಕ್ಕೆ ಬೀಗ ಹಾಕಬೇಕಿದ್ದವನು ಪೊರಕೆಯನ್ನು ಗೋಡೆಗೆ ಒರಗಿಸಿ ಕೊನೆಯ ಸಾಲಿನಲ್ಲಿ ಕೂತ. ಆರು ನಿಮಿಷ ಮುಗಿಯಿತೆಂದು ನಾನು ಕೈಸನ್ನೆ ಮಾಡಿದೆ. ಅವರು ಪದ್ಯದ ನಡುವೆಯೇ ನಿಲ್ಲಿಸಿ, ಮತ್ತೆ ಕೈ ಮುಗಿದು ಇಳಿದರು. ದೀಪ ಆರಿಸಲು ಬಂದ ಆ ಮನುಷ್ಯ ನನ್ನನ್ನು ಕೇಳಿದ: “ಆ ಹೆಂಗಸು ಯಾಕೆ ಅಳುತ್ತಿದ್ದಳು? ಆಮೇಲೆ ಏನಾಯಿತು?”

ಒಂದಕ್ಷರ ಕನ್ನಡ ಬಾರದವನಿಗೆ ಅಲ್ಲೊಬ್ಬ ಹೆಂಗಸಿದ್ದಾಳೆ, ಅವಳು ಅಳುತ್ತಿದ್ದಾಳೆ ಎಂದು ತಿಳಿದಿತ್ತು. ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಕಥೆ ಹೇಳಿದೆ. ಆ ದಿನ ಏಳು ನೂರು ಜನರಲ್ಲಿ ಪ್ರೇಕ್ಷಕ ಅನ್ನಬಹುದಾದವನು ಅವನೊಬ್ಬನೇ ಎಂದು ಮನೆಗೆ ಕಾರು ಓಡಿಸುವಾಗ ಅನಿಸಿತು.

ನನ್ನ ಮಾತಿಗೆ ಆಕ್ಷೇಪವಿದೆ, ನ್ಯಾಯವಾದದ್ದೇ. ಚೆರ್ರಿ ಹಬ್ಬಕ್ಕೆ ಸರ್ಕಾರದ ಉದ್ಯಾನವಿದೆ, ಕಂಪನಿಗಳ ಹಣವಿದೆ. ನಮಗಿರುವುದು ಸ್ವಯಂಸೇವಕರ ಬೆನ್ನು ಮತ್ತು ಟಿಕೆಟ್ ದುಡ್ಡು. ಮಕ್ಕಳು ವೇದಿಕೆಗಾಗಿಯಾದರೂ ಒಂದು ಕನ್ನಡ ಹಾಡು ಬಾಯಿಪಾಠ ಮಾಡುತ್ತಾರಲ್ಲ, ಅದು ಕಡಿಮೆಯೇ? ಕಡಿಮೆಯಲ್ಲ. ನನ್ನ ಮಗಳಿಗೆ ಬರುವ ಕನ್ನಡದಲ್ಲಿ ಅರ್ಧ ಈ ರಿಹರ್ಸಲ್‌ಗಳದ್ದು. ಮಕ್ಕಳನ್ನು ಕೆಳಗಿಳಿಸಿ ಎಂದು ನಾನು ಹೇಳುವುದಿಲ್ಲ. ಆದರೆ ವೇದಿಕೆ ಹತ್ತುವುದನ್ನು ಮಾತ್ರ ಕಲಿತ ಮಗು, ಕೆಳಗೆ ಕೂತು ಕೇಳುವುದನ್ನು ಎಲ್ಲಿ ಕಲಿಯಬೇಕು? ಹತ್ತು ವರ್ಷ ಹೀಗೆ ಕುಣಿದ ಮಕ್ಕಳು ಕಾಲೇಜಿಗೆ ಹೋದ ಮೇಲೆ ಒಬ್ಬರೂ ಸಂಘದ ಕಡೆ ತಿರುಗಿ ನೋಡಲಿಲ್ಲ. ಅವರ ಅಪ್ಪ ಅಮ್ಮನೂ ಬರುವುದು ಬಿಟ್ಟರು. ನನ್ನ ಶೀಟಿನಲ್ಲಿ ಆ ನಷ್ಟಕ್ಕೆ ಕಾಲಂ ಇರಲಿಲ್ಲ.

ಚೆರ್ರಿ ಮರದ ಕಥೆಗೆ ಇನ್ನೊಂದು ತುದಿಯಿದೆ. ಇಲ್ಲಿನ ಮರಗಳ ತಾಯಿಬೇರು ಟೋಕಿಯೋ ಹತ್ತಿರದ ಅರಕಾವ ನದಿಯ ದಂಡೆಯ ತೋಪು. ಎರಡನೇ ಮಹಾಯುದ್ಧದ ಕಾಲಕ್ಕೆ ಆ ತೋಪು ಸೊರಗಿಹೋಯಿತು. ಅದನ್ನು ಮತ್ತೆ ಬೆಳೆಸಲು ಜಪಾನಿನವರು ನೆರವು ಕೇಳಿದಾಗ, 1952ರಲ್ಲಿ ಇಲ್ಲಿಂದ ಕಸಿ ಕಡ್ಡಿಗಳು ಹೋದವು. ಪರದೇಶಕ್ಕೆ ಹೋದ ಕೊಂಬೆ ತವರಿನ ತೋಪನ್ನು ಚಿಗುರಿಸಿತು. ನಾವು ಹೊರನಾಡ ಕನ್ನಡಿಗರು ಭಾಷಣಗಳಲ್ಲಿ ನಮ್ಮ ಬಗ್ಗೆ ಹೇಳಿಕೊಳ್ಳುವುದೂ ಇದನ್ನೇ: ಅಲ್ಲಿ ಮರೆತದ್ದನ್ನು ನಾವಿಲ್ಲಿ ಉಳಿಸಿದ್ದೇವೆ ಎಂದು. ನಿಜವಾಗಿ ಯಾರಾದರೂ ಬಂದು ಕೊಂಬೆ ಕೇಳಿದರೆ ನಾವು ಕೊಡುವುದೇನು? ನಾಲ್ಕು ನಿಮಿಷದ ಮೂವತ್ತನಾಲ್ಕು ವಿಡಿಯೋ.

ಮೇಷ್ಟ್ರು ವೀಸಾದ ಆರು ತಿಂಗಳು ಮುಗಿಸಿ ಊರಿಗೆ ಮರಳಿದರು. ಹೊರಡುವ ಮುಂಚೆ ಅವರ ಮಗನ ಮನೆಗೆ ಹೋಗಿ, ನಿಲ್ಲಿಸಿದ್ದ ಪದ್ಯದಿಂದ ಮುಂದಕ್ಕೆ ಕೇಳಿದೆ. ಬೇಸ್‌ಮೆಂಟಿನಲ್ಲಿ ಒಂಬತ್ತು ಜನ ಇದ್ದೆವು. ಅವರು ಒಂದೂವರೆ ಗಂಟೆ ವಾಚಿಸಿದರು. ನಾನು ಕ್ಷಮೆ ಕೇಳಲು ಹೊರಟರೆ, “ಕಾಫಿ ಕುಡಿ” ಎಂದು ಮಾತು ಮುರಿದರು.

ಈಗ ಖಜಾಂಚಿ ಬೇರೆಯವರು. ಮುಂದಿನ ವಸಂತಕ್ಕೆ ಮೇಷ್ಟ್ರು ಮತ್ತೆ ಬರುತ್ತಾರಂತೆ. ಅವರಿಗೆ ನಲವತ್ತು ನಿಮಿಷ, ಅದೂ ಸಂಜೆ ನಾಲ್ಕಕ್ಕೆ, ಆ ಹೊತ್ತಿನಲ್ಲಿ ಊಟದ ಕೌಂಟರ್ ಮುಚ್ಚಿರಬೇಕು ಎಂದು ಸಮಿತಿಗೆ ಬರೆದಿದ್ದೆ. ನನ್ನದೇ ಹಳೆಯ ಎಕ್ಸೆಲ್ ಶೀಟನ್ನು ನನಗೇ ತೋರಿಸಿದರು. ಎರಡು ಸಭೆ ವಾದವಾಗಿ ಇಪ್ಪತ್ತೈದು ನಿಮಿಷಕ್ಕೆ ಒಪ್ಪಿದ್ದಾರೆ. ಊಟದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಮಗಳು ಈ ಸಲ ಯಾವ ನೃತ್ಯದಲ್ಲೂ ಇಲ್ಲ. ನಾವಿಬ್ಬರೂ ಟಿಕೆಟ್ ತೆಗೆದುಕೊಂಡಿದ್ದೇವೆ.